ದೇಹವು ಅನ್ಯವನ್ನು ಅರಿಯುವ ಬಗೆ

ವಿದ್ಯಾರ್ಥಿಗಳೆ, ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನಿಮ್ಮಲ್ಲಿ ಕೆಲವರಾದರೂ ರಜೆಯಲ್ಲಿ ಊರಿಗೆ ಹೋದಾಗ ನೋಡಿರಬಹುದು. ಕಾಡುಮಾವಿನ ಎಳೆಯ ಸಸಿಯ ಕಾಂಡವನ್ನು ಓರೆಯಾಗಿ ಕೊಯ್ದು, ಅದಕ್ಕೆ ಆಪೂಸು ಮರದ ಚಿಕ್ಕ ರೆಂಬೆಯೊಂದನ್ನು ಹೊಂದಿಸಿ ಬಿಗಿಯಾಗಿ ಕಟ್ಟಿದರೆ, ಕೆಲವು ವಾರಗಳಲ್ಲಿ ಎರಡೂ ಬೆಸೆದುಕೊಂಡು ಒಂದೇ ಗಿಡವಾಗುತ್ತವೆ. ಬೇರು ಒಂದರದು, ಹಣ್ಣು ಇನ್ನೊಂದರದು. ಆದರೂ ಅವುಗಳ ನಡುವೆ ಕಲಹವಿಲ್ಲ. ಮನುಷ್ಯನ ದೇಹದ ರೀತಿ ಹೀಗಿಲ್ಲ. ಒಬ್ಬನ ಚರ್ಮದ ತುಂಡನ್ನು ಇನ್ನೊಬ್ಬನ ಗಾಯದ ಮೇಲೆ ಎಷ್ಟೇ ಕೌಶಲದಿಂದ ಹೊಂದಿಸಿದರೂ, ಅದು ಮೊದಲ ಕೆಲವು ದಿನ ಅಂಟಿಕೊಂಡು, ರಕ್ತಸಂಚಾರವನ್ನು ಪಡೆದು, ನಸುಗೆಂಪಾಗಿ ಶೋಭಿಸುತ್ತದೆ. ಅನಂತರ ಬಾತು, ಕಪ್ಪಾಗಿ, ಒಣಗಿ ಉದುರಿಬೀಳುತ್ತದೆ. ಶಸ್ತ್ರವೈದ್ಯನ ಕೈಯಲ್ಲಿ ತಪ್ಪಿಲ್ಲ, ಗಾಯದಲ್ಲಿ ನಂಜಿಲ್ಲ. ಹಾಗಿದ್ದರೂ ದೇಹವು ಅದನ್ನು ಒಲ್ಲದು. ಇದಕ್ಕೆ ಕಾರಣವೇನು?

ಇದು ಬರಿಯ ಕುತೂಹಲದ ಪ್ರಶ್ನೆಯೆಂದು ಭಾವಿಸಬಾರದು. ಎರಡು ಮೂತ್ರಪಿಂಡಗಳೂ ಕೆಟ್ಟುಹೋದವನ ರಕ್ತದಲ್ಲಿ ಕಶ್ಮಲಗಳು ದಿನದಿನಕ್ಕೂ ಸೇರುತ್ತ ಹೋಗುತ್ತವೆ. ವಾರಕ್ಕೆ ಎರಡು ಮೂರು ಬಾರಿ ಯಂತ್ರದ ಮೂಲಕ ರಕ್ತವನ್ನು ಶುದ್ಧಿಮಾಡಿಸಿಕೊಂಡು ಅವನು ಜೀವ ಹಿಡಿದಿರಬೇಕು. ಅವನ ತಾಯಿಯೋ ಅಣ್ಣನೋ ತಂಗಿಯೋ ತಮ್ಮ ಒಂದು ಮೂತ್ರಪಿಂಡವನ್ನು ಕೊಡಲು ಸಿದ್ಧರಾಗಿರುತ್ತಾರೆ. ಒಂದೇ ಮೂತ್ರಪಿಂಡದಿಂದಲೂ ಮನುಷ್ಯನು ಆರೋಗ್ಯವಾಗಿ ಬಾಳಬಲ್ಲನು. ಕೊಡುವವರ ಮನಸ್ಸು ಒಪ್ಪಿದೆ, ಪಡೆಯುವವನ ಮನಸ್ಸೂ ಒಪ್ಪಿದೆ. ದೇಹ ಮಾತ್ರ ಒಪ್ಪದು. ಈ ಒಪ್ಪದಿರುವಿಕೆಯ ಮರ್ಮವನ್ನು ಬಿಡಿಸಿದ ಕಥೆಯು ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನದ ಬಹು ದೊಡ್ಡ ಅಧ್ಯಾಯಗಳಲ್ಲೊಂದು.

ಒಬ್ಬನ ಚರ್ಮವನ್ನು ಅವನದೇ ದೇಹದ ಬೇರೊಂದು ಕಡೆಗೆ ಜೋಡಿಸುವ ವಿದ್ಯೆಯು ನಮ್ಮ ದೇಶಕ್ಕೆ ಬಹು ಪ್ರಾಚೀನವಾದುದು. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮರಳಿ ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆಯಲ್ಲಿ ಕಾಣಬಹುದು. ಈ ವಿದ್ಯೆಯು ಯೂರೋಪಿನವರ ಗಮನವನ್ನು ಸೆಳೆದ ಸಂದರ್ಭದಲ್ಲಿ ನಮ್ಮ ಕನ್ನಡ ನಾಡಿಗೂ ಒಂದು ನಂಟುಂಟು. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ ಕಾವಸ್‌ಜಿ ಎಂಬ ಮರಾಠನು ೧೭೯೨ರ ಮೈಸೂರು ಯುದ್ಧದಲ್ಲಿ ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ತರುವಾಯ ಪುಣೆಯ ಸಮೀಪದಲ್ಲಿ, ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದನು. ಇದರ ವರ್ಣನೆಯು ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಹಣೆಯೂ ಕಾವಸ್‌ಜಿಯದೇ, ಮೂಗೂ ಅವನದೇ. ಚರ್ಮವನ್ನು ಅನ್ಯನಿಂದ ತಂದಿದ್ದರೆ ಆ ಮೂಗು ನಿಲ್ಲುತ್ತಿರಲಿಲ್ಲ.

ಇಟಲಿ ದೇಶದ ಶಸ್ತ್ರವೈದ್ಯ ಟಾಗ್ಲಿಯಕೋಟ್ಸಿಯು ೧೫೯೭ರಷ್ಟು ಹಿಂದೆಯೇ ಈ ತೊಡಕನ್ನು ಊಹಿಸಿದ್ದನು. ಪ್ರತಿಯೊಬ್ಬ ವ್ಯಕ್ತಿಯಲ್ಲಿಯೂ ಅವನಿಗೇ ಮೀಸಲಾದ ವೈಶಿಷ್ಟ್ಯವೊಂದಿದೆ, ಅದೇ ಅನ್ಯರ ಚರ್ಮವನ್ನು ತರಲು ಅಡ್ಡಿ ಎಂಬುದು ಅವನ ಅಭಿಪ್ರಾಯವಾಗಿತ್ತು. ಆದರೆ ಆ ವೈಶಿಷ್ಟ್ಯವು ಎಲ್ಲಿದೆ, ದೇಹವು ಅದನ್ನು ಹೇಗೆ ಅರಿಯುತ್ತದೆ ಎಂಬುದನ್ನು ಹೇಳುವ ಸಾಧನ ಆ ಕಾಲದಲ್ಲಿರಲಿಲ್ಲ.

ಮೊದಲ ಸುಳಿವು ರಕ್ತದಿಂದ ದೊರೆಯಿತು. ೧೯೦೦-೦೧ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು ಮನುಷ್ಯರ ರಕ್ತದಲ್ಲಿ ವರ್ಗಗಳಿರುವುದನ್ನು ಕಂಡುಹಿಡಿದರು. ‘ಎ’ ವರ್ಗದವರ ಕೆಂಪು ರಕ್ತಕಣಗಳ ಮೇಲೆ ಒಂದು ಬಗೆಯ ಗುರುತು, ‘ಬಿ’ ವರ್ಗದವರಲ್ಲಿ ಇನ್ನೊಂದು ಬಗೆಯ ಗುರುತು. ‘ಓ’ ವರ್ಗದವರಲ್ಲಿ ಇವೆರಡೂ ಇಲ್ಲ. ತನ್ನಲ್ಲಿ ಇಲ್ಲದ ಗುರುತುಳ್ಳ ರಕ್ತವು ಒಳಹೊಕ್ಕರೆ ದೇಹದ ಪ್ರತಿಕಾಯಗಳೆಂಬ ವಸ್ತುಗಳು ಆ ಕಣಗಳನ್ನು ಹಿಡಿದು ನಾಶಪಡಿಸುತ್ತವೆ. ‘ಓ’ ವರ್ಗದ ರಕ್ತಕಣಗಳನ್ನು ಎಲ್ಲರಿಗೂ ಕೊಡಬಹುದೆಂಬ ಭಾವನೆ ಬಹುಕಾಲ ಇದ್ದಿತು. ಆದರೆ ೧೯೫೨ರಲ್ಲಿ ಮುಂಬಯಿ ನಗರದಲ್ಲಿಯೇ ಡಾ. ವೈ. ಎಂ. ಭೇಂಡೆಯವರು ಮತ್ತು ಅವರ ಸಹೋದ್ಯೋಗಿಗಳು ಒಂದು ವಿಚಿತ್ರ ರಕ್ತವರ್ಗವನ್ನು ಗುರುತಿಸಿದರು. ಮಿಕ್ಕವರೆಲ್ಲರ ಕಣಗಳಲ್ಲಿ, ‘ಓ’ ವರ್ಗದವರಲ್ಲಿ ಸಹ, ಇರುವ ‘ಎಚ್’ ಎಂಬ ಮೂಲ ಗುರುತು ಈ ವರ್ಗದವರಲ್ಲಿ ಇರುವುದಿಲ್ಲ. ಆದುದರಿಂದ ‘ಓ’ ರಕ್ತವೂ ಇವರಿಗೆ ಅನ್ಯವೇ. ತಮ್ಮ ವರ್ಗದವರ ರಕ್ತವಲ್ಲದೆ ಬೇರೆ ಯಾವ ರಕ್ತವೂ ಇವರಿಗೆ ಒಗ್ಗದು. ಭಾರತದಲ್ಲಿ ಸುಮಾರು ೧೦,೦೦೦ ಮಂದಿಗೆ ಒಬ್ಬರಂತೆ ಕಂಡುಬರುವ ಈ ವರ್ಗಕ್ಕೆ ಜಗತ್ತಿನಾದ್ಯಂತ ‘ಬಾಂಬೆ ವರ್ಗ’ವೆಂದೇ ಹೆಸರು. ತನ್ನಲ್ಲಿ ಇಲ್ಲದುದನ್ನೇ ದೇಹವು ಅನ್ಯವೆಂದು ಅರಿಯುತ್ತದೆ ಎಂಬ ನಿಯಮಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ರಕ್ತದ ವರ್ಗಗಳು ಕೆಲವೇ. ಚರ್ಮದ ವಿಷಯವು ಇದಕ್ಕಿಂತ ಬಹಳ ಜಟಿಲವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೈ ಸುಟ್ಟುಕೊಂಡ ವೈಮಾನಿಕರ ಮತ್ತು ನಾಗರಿಕರ ಚಿಕಿತ್ಸೆಯು ಬ್ರಿಟನ್ನಿನ ವೈದ್ಯರಿಗೆ ದೊಡ್ಡ ಸಮಸ್ಯೆಯಾಯಿತು. ಆಗ ಪೀಟರ್ ಮೆಡಾವರ್ ಎಂಬ ತರುಣ ಪ್ರಾಣಿವಿಜ್ಞಾನಿಯೂ ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯರೂ ಗ್ಲಾಸ್ಗೋ ನಗರದಲ್ಲಿ ಕೂಡಿ ಕೆಲಸಮಾಡಿದರು. ತೀವ್ರವಾಗಿ ಸುಟ್ಟುಕೊಂಡಿದ್ದ ಸ್ತ್ರೀಯೊಬ್ಬಳಿಗೆ ಅವಳದೇ ಚರ್ಮದ ಸಣ್ಣ ಸಣ್ಣ ತುಂಡುಗಳನ್ನೂ, ಅವಳ ಸೋದರನ ಚರ್ಮದ ತುಂಡುಗಳನ್ನೂ ಇರಿಸಲಾಯಿತು. ಅವಳ ಚರ್ಮವು ನಿಂತಿತು. ಸೋದರನದು ಕೆಲವು ದಿನಗಳ ಮೇಲೆ ನಾಶವಾಯಿತು. ಬಳಿಕ ಸೋದರನಿಂದಲೇ ಎರಡನೆಯ ಬಾರಿ ಚರ್ಮವನ್ನು ತಂದಿರಿಸಿದಾಗ ಅದು ಮೊದಲಿನದಕ್ಕಿಂತ ಬೇಗನೆ ನಾಶವಾದುದು ಕಂಡುಬಂದಿತು. ಈ ಫಲಿತಾಂಶವು ೧೯೪೩ರಲ್ಲಿ ಪ್ರಕಟವಾಯಿತು. ಎರಡನೆಯ ಬಾರಿಯ ಈ ತ್ವರೆಯೇ ಮುಖ್ಯವಾದ ಸುಳಿವು. ಒಮ್ಮೆ ದಡಾರ ಬಂದುಹೋದವನಿಗೆ ಅದು ಸಾಮಾನ್ಯವಾಗಿ ಮತ್ತೆ ಬಾರದು. ದೇಹವು ಆ ರೋಗಾಣುವನ್ನು ನೆನಪಿಟ್ಟುಕೊಂಡಿರುತ್ತದೆ. ಚರ್ಮದ ವಿಷಯದಲ್ಲಿಯೂ ಅದೇ ಬಗೆಯ ನೆನಪು ಕೆಲಸಮಾಡುತ್ತಿದೆ. ಎಂದರೆ ರೋಗವನ್ನು ಎದುರಿಸುವ ಶಕ್ತಿಯೂ ಕಸಿಯನ್ನು ನಿರಾಕರಿಸುವ ಶಕ್ತಿಯೂ ಬೇರೆಬೇರೆಯಲ್ಲ, ಅವೆರಡೂ ಒಂದೇ.

ಹಾಗಾದರೆ ಈ ಅರಿವು ಹುಟ್ಟಿನಿಂದ ಬಂದದ್ದೋ, ದೇಹವು ಕಲಿತದ್ದೋ? ಇದಕ್ಕೆ ಉತ್ತರವನ್ನು ಮೊದಲು ಸೂಚಿಸಿದ್ದು ಅವಳಿ ಕರುಗಳು. ಆಕಳ ಗರ್ಭದಲ್ಲಿ ಅವಳಿ ಕರುಗಳಿದ್ದರೆ ಅವುಗಳ ರಕ್ತನಾಳಗಳು ಸಾಮಾನ್ಯವಾಗಿ ಕೂಡಿಕೊಂಡು, ಒಂದರ ರಕ್ತವು ಇನ್ನೊಂದಕ್ಕೆ ಹರಿಯುತ್ತದೆ. ಇಂತಹ ಕರುಗಳು ಬೆಳೆದಮೇಲೆಯೂ ತಮ್ಮ ಜೊತೆಗಾರನ ರಕ್ತಕಣಗಳನ್ನು ಮೈಯಲ್ಲಿ ಇರಿಸಿಕೊಂಡಿರುತ್ತವೆಂದು ಅಮೆರಿಕದ ರೇ ಓವೆನ್ ಅವರು ೧೯೪೫ರಲ್ಲಿ ತೋರಿಸಿದರು. ಅವು ಒಂದರ ಚರ್ಮವನ್ನು ಇನ್ನೊಂದು ಸಹಿಸಿಕೊಳ್ಳುತ್ತವೆಂಬುದನ್ನು ಮೆಡಾವರ್ ಮತ್ತು ಅವರ ಸಂಗಡಿಗರು ಕಂಡರು. ಅನಂತರ ಅವರು ಇದನ್ನು ಇಲಿಗಳಲ್ಲಿ ಉದ್ದೇಶಪೂರ್ವಕವಾಗಿ ಮಾಡಿನೋಡಿದರು. ಇನ್ನೂ ಹುಟ್ಟದ ಕಂದು ತಳಿಯ ಮರಿಗಳೊಳಕ್ಕೆ ಬಿಳಿಯ ತಳಿಯ ಇಲಿಯ ಜೀವಕಣಗಳನ್ನು ಸೂಜಿಯಿಂದ ಹೊಗಿಸಿದರು. ಆ ಮರಿಗಳು ಹುಟ್ಟಿ ದೊಡ್ಡವಾದಮೇಲೆ ಬಿಳಿಯ ತಳಿಯ ಚರ್ಮವನ್ನು ಅವುಗಳ ಮೇಲೆ ಇರಿಸಲು, ಕೆಲವು ಇಲಿಗಳಲ್ಲಿ ಅದು ಸ್ಥಿರವಾಗಿ ನಿಂತಿತು. ಕಂದು ಮೈಯ ಮೇಲೆ ಬಿಳಿಯ ಕೂದಲಿನ ತೇಪೆ ಬೆಳೆಯಿತು! ಬೇರೆ ತಳಿಯ ಚರ್ಮವನ್ನಾದರೋ ಅವು ಎಂದಿನಂತೆ ತಿರಸ್ಕರಿಸಿದವು. ೧೯೫೩ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಸ್ಥಿರಪಟ್ಟ ಸಂಗತಿ ಇದು: ಜೀವನದ ಆರಂಭದಲ್ಲಿ ಯಾವುದರ ಪರಿಚಯವಾಗುತ್ತದೆಯೋ ಅದನ್ನು ದೇಹವು ತನ್ನದೆಂದು ಎಣಿಸುತ್ತದೆ. ಈ ತತ್ತ್ವವನ್ನು ಮುಂಚೆಯೇ ಊಹಿಸಿದ್ದ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಅವರಿಗೂ ಮೆಡಾವರ್ ಅವರಿಗೂ ೧೯೬೦ರ ನೊಬೆಲ್ ಪಾರಿತೋಷಕವು ದೊರೆಯಿತು.

ಕಲಿಕೆಯೆಂದಮೇಲೆ ಅದಕ್ಕೊಂದು ಶಾಲೆಯೂ ಇರಬೇಕಷ್ಟೆ. ಅದು ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಥೈಮಸ್ ಎಂಬ ಗ್ರಂಥಿ. ಬಾಲ್ಯದಲ್ಲಿ ದೊಡ್ಡದಾಗಿದ್ದು ಪ್ರಾಯ ಬಂದಂತೆ ಕುಗ್ಗುವ ಈ ಗ್ರಂಥಿಯ ಪ್ರಯೋಜನವೇನೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ೧೯೬೧ರಲ್ಲಿ ಲಂಡನ್ನಿನಲ್ಲಿದ್ದ ಜಾಕ್ ಮಿಲ್ಲರ್ ಅವರು, ಆಗತಾನೆ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದುಹಾಕಿದರೆ ಅವು ಅನ್ಯ ಚರ್ಮವನ್ನು ನಿರಾಕರಿಸಲಾರವೆಂದೂ, ಸೋಂಕುರೋಗಗಳಿಗೂ ಸುಲಭವಾಗಿ ತುತ್ತಾಗುವುವೆಂದೂ ತೋರಿಸಿದರು. ಎಲುಬಿನ ಮಜ್ಜೆಯಲ್ಲಿ ಹುಟ್ಟಿದ ಒಂದು ಜಾತಿಯ ಬಿಳಿಯ ರಕ್ತಕಣಗಳು ಈ ಗ್ರಂಥಿಯಲ್ಲಿ ಪಕ್ವವಾಗುತ್ತವೆ. ಅವುಗಳಿಗೆ ‘ಟಿ’ ಕಣಗಳೆಂದು ಹೆಸರು. ಅಲ್ಲಿ ಅವುಗಳಿಗೆ ಎರಡು ಪರೀಕ್ಷೆಗಳು. ತನ್ನ ದೇಹದ ಗುರುತನ್ನು ಓದಲು ಬಾರದ ಕಣವು ಮೊದಲನೆಯದರಲ್ಲಿ ಸಾಯುತ್ತದೆ. ತನ್ನ ದೇಹದ ಮೇಲೆಯೇ ಎರಗುವ ಸ್ವಭಾವದ ಕಣವು ಎರಡನೆಯದರಲ್ಲಿ ಸಾಯುತ್ತದೆ. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಕಣಗಳು ಇಲ್ಲಿ ಅಳಿದು, ಉಳಿದ ಕೆಲವೇ ಕಣಗಳು ಕಾವಲಿಗೆ ಹೊರಡುತ್ತವೆ.

ಈ ಕಣಗಳು ಓದುವ ಗುರುತು ಯಾವುದು? ೧೯೫೮ರಲ್ಲಿ ಪ್ಯಾರಿಸ್ ನಗರದ ಜಾಂ ದೋಸೆ ಅವರು ಮನುಷ್ಯರ ಬಿಳಿಯ ರಕ್ತಕಣಗಳ ಮೇಲೆ ಅಂತಹ ಮೊದಲನೆಯ ಗುರುತನ್ನು ಕಂಡುಹಿಡಿದರು. ಇಂದು ಆ ಗುರುತುಗಳ ಸಮೂಹಕ್ಕೆ ಎಚ್.ಎಲ್.ಎ. ಎಂದು ಹೆಸರು. ಇವು ನಮ್ಮ ದೇಹದ ಬಹುತೇಕ ಎಲ್ಲ ಜೀವಕಣಗಳ ಮೇಲೂ ಇರುವ ಸಸಾರಜನಕಗಳು; ಇವುಗಳ ಸೂತ್ರವು ಆರನೆಯ ವರ್ಣತಂತುವಿನಲ್ಲಿದೆ. ಇವುಗಳ ಸಹಜವಾದ ಕೆಲಸವು ಚಾಡಿ ಹೇಳುವುದು ಎಂದರೂ ಸಲ್ಲುತ್ತದೆ. ಜೀವಕಣದ ಒಳಗೆ ತಯಾರಾಗುತ್ತಿರುವ ವಸ್ತುಗಳ ಚೂರುಗಳನ್ನು ಇವು ಅಂಗೈಯಲ್ಲಿಟ್ಟುಕೊಂಡಂತೆ ಹೊರಗೆ ಹಿಡಿದು ತೋರಿಸುತ್ತಿರುತ್ತವೆ. ಸುತ್ತಾಡುವ ‘ಟಿ’ ಕಣವು ಆ ಅಂಗೈಯನ್ನೂ ಅದರಲ್ಲಿರುವ ಚೂರನ್ನೂ ಒಟ್ಟಿಗೆ ಮುಟ್ಟಿನೋಡುತ್ತದೆ. ಚೂರು ಎಂದಿನದಾದರೆ ಮುಂದೆ ಸಾಗುತ್ತದೆ. ವೈರಸಿನದಾದರೆ ಆ ಜೀವಕಣವನ್ನು ಕೊಲ್ಲುತ್ತದೆ. ಈ ಕ್ರಮವನ್ನು ೧೯೭೪ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಪೀಟರ್ ಡೋಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಅವರು ಬೆಳಕಿಗೆ ತಂದರು.

ಈಗ ಅನ್ಯನ ಮೂತ್ರಪಿಂಡವು ದೇಹವನ್ನು ಪ್ರವೇಶಿಸಿತೆಂದು ಭಾವಿಸಿರಿ. ಅದರ ಕಣಗಳ ಮೇಲಿರುವ ಅಂಗೈಗಳೇ ಬೇರೆ ಆಕಾರದವು. ಒಂದು ಸಾಮಾನ್ಯ ರೋಗಾಣುವಿನ ಚೂರನ್ನು ಗುರುತಿಸಬಲ್ಲ ‘ಟಿ’ ಕಣಗಳು ಲಕ್ಷಕ್ಕೆ ಒಂದೆರಡರಷ್ಟು ವಿರಳ. ಆದರೆ ಅಂಗೈಯೇ ಅಪರಿಚಿತವಾದಾಗ ನೂರಕ್ಕೆ ಕೆಲವು ಕಣಗಳು ಎಚ್ಚೆತ್ತು ನಿಲ್ಲುತ್ತವೆ. ಕಸಿಯ ನಿರಾಕರಣೆಯು ಅಷ್ಟೊಂದು ಉಗ್ರವಾಗಿರುವುದಕ್ಕೆ ಇದೇ ಕಾರಣ. ಕಸಿಯೊಡನೆ ಬಂದ ಕೆಲವು ಕಣಗಳು ಪಡೆದವನ ದುಗ್ಧಗ್ರಂಥಿಗಳನ್ನು ಸೇರಿದಾಗ ಅಲ್ಲಿ ಸುದ್ದಿ ಹಬ್ಬುತ್ತದೆ. ಎಚ್ಚೆತ್ತ ಕಣಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಯಾಗಿ, ರಕ್ತದಲ್ಲಿ ಹರಿದು ಕಸಿಯನ್ನು ಮುತ್ತುತ್ತವೆ. ಅವುಗಳ ನೆರವಿನಿಂದ ಪ್ರತಿಕಾಯಗಳೂ ಉತ್ಪತ್ತಿಯಾಗಿ ಕಸಿಯ ರಕ್ತನಾಳಗಳನ್ನು ಹಾಳುಗೆಡವುತ್ತವೆ. ರಕ್ತವಿಲ್ಲದೆ ಕಸಿಯು ಸಾಯುತ್ತದೆ. ಮಾವಿನ ಗಿಡದಲ್ಲಿ ಹೀಗೆ ಸುತ್ತಾಡುವ ಕಾವಲುಕಣಗಳಿಲ್ಲ. ಆದುದರಿಂದಲೇ ಅಲ್ಲಿ ಹತ್ತಿರದ ಜಾತಿಗಳು ನಿರಾತಂಕವಾಗಿ ಬೆಸೆಯುತ್ತವೆ.

ಒಡಹುಟ್ಟಿದವರಲ್ಲಿ ಈ ಗುರುತುಗಳು ಹೊಂದುವ ಸಂಭವವೆಷ್ಟು? ಇದು ಸುಲಭವಾದ ಲೆಕ್ಕ. ತಂದೆಯಲ್ಲಿ ಎಚ್.ಎಲ್.ಎ. ಗುರುತುಗಳ ಎರಡು ಕಟ್ಟುಗಳಿವೆ. ಅವನ್ನು ಕ, ಖ ಎನ್ನೋಣ. ತಾಯಿಯಲ್ಲಿರುವವು ಗ, ಘ. ಪ್ರತಿಯೊಂದು ಮಗುವೂ ತಂದೆಯಿಂದ ಒಂದನ್ನೂ ತಾಯಿಯಿಂದ ಒಂದನ್ನೂ ಪಡೆಯುತ್ತದೆ. ಕಗ, ಕಘ, ಖಗ, ಖಘ: ಹೀಗೆ ನಾಲ್ಕು ಜೋಡಿಗಳು. ಆದುದರಿಂದ ನಿಮ್ಮ ಸೋದರನ ಅಥವಾ ಸೋದರಿಯ ಗುರುತುಗಳು ನಿಮ್ಮವುಗಳೊಡನೆ ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು. ಅರ್ಧ ಹೊಂದುವ ಸಂಭವ ನಾಲ್ಕರಲ್ಲಿ ಎರಡು. ಏನೂ ಹೊಂದದಿರುವ ಸಂಭವ ನಾಲ್ಕರಲ್ಲಿ ಒಂದು. ತಂದೆತಾಯಿಗಳೊಡನೆ ಮಕ್ಕಳದು ಅರ್ಧವಾದರೂ ಹೊಂದಿಯೇ ಇರುತ್ತದೆ. ತದ್ರೂಪಿ ಅವಳಿಗಳಲ್ಲಿ ಮಾತ್ರ ಎಲ್ಲವೂ ಒಂದೇ. ೧೯೫೪ರ ಡಿಸೆಂಬರ್ ೨೩ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಮತ್ತು ಅವರ ಸಹೋದ್ಯೋಗಿಗಳು ರೊನಾಲ್ಡ್ ಹೆರಿಕ್ ಎಂಬವನ ಮೂತ್ರಪಿಂಡವನ್ನು ಅವನ ತದ್ರೂಪಿ ಅವಳಿ ರಿಚರ್ಡನಿಗೆ ಜೋಡಿಸಿದರು. ಮೊದಲು ಇಬ್ಬರ ನಡುವೆ ಚರ್ಮದ ಕಸಿಯನ್ನು ಮಾಡಿ, ಅದು ನಿಂತುದನ್ನು ನೋಡಿಯೇ ಅವರು ಮುಂದುವರಿದಿದ್ದರು. ಸಾವಿನಂಚಿನಲ್ಲಿದ್ದ ರಿಚರ್ಡನು ಇನ್ನೂ ಎಂಟು ವರ್ಷ ಬಾಳಿದನು.

ಪ್ರಕೃತಿಯಲ್ಲಿಯೂ ಈ ನಿಯಮಕ್ಕೆ ಕೆಲವು ಅಪವಾದಗಳಿವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಕಾವಲುಕಣಗಳು ಅಲ್ಲಿಗೆ ಸುಲಭವಾಗಿ ತಲಪಲಾರವು. ಆದುದರಿಂದ ಸಂಬಂಧವೇ ಇಲ್ಲದವರ ಕಾರ್ನಿಯಾ ಸಹ ಬಹುಮಟ್ಟಿಗೆ ನಿಲ್ಲುತ್ತದೆ. ಅಂತಹ ಕಸಿಯು ೧೯೦೫ರಷ್ಟು ಹಿಂದೆಯೇ ಯಶಸ್ವಿಯಾಗಿದ್ದಿತು. ೨೦೦೬ರಲ್ಲಿ ತೀರಿಕೊಂಡ ಡಾ. ರಾಜಕುಮಾರ್ ಅವರ ಕಣ್ಣುಗಳೂ, ೨೦೨೧ರಲ್ಲಿ ತೀರಿಕೊಂಡ ಅವರ ಮಗ ಪುನೀತ್ ಅವರ ಕಣ್ಣುಗಳೂ ಅನ್ಯರಿಗೆ ದೃಷ್ಟಿಯನ್ನಿತ್ತುದು ಇದರಿಂದಲೇ ಸಾಧ್ಯವಾಯಿತು. ಇನ್ನೊಂದು ಅಪವಾದವು ತಾಯಿಯ ಗರ್ಭ. ಶಿಶುವಿನ ಗುರುತುಗಳಲ್ಲಿ ಅರ್ಧ ತಂದೆಯವು, ಎಂದರೆ ತಾಯಿಗೆ ಅನ್ಯವಾದವು. ಹಾಗಿದ್ದರೂ ತಾಯಿಯ ದೇಹವು ಒಂಬತ್ತು ತಿಂಗಳು ಅದನ್ನು ಹೊತ್ತು ಪೋಷಿಸುತ್ತದೆ. ತಾಯಿಗೂ ಶಿಶುವಿಗೂ ನಡುವೆ ಇರುವ ಮಾಸಿನ ಹೊರಕಣಗಳು ಸಾಮಾನ್ಯವಾದ ಎಚ್.ಎಲ್.ಎ. ಗುರುತುಗಳನ್ನು ಬಹುಪಾಲು ತೋರಿಸದಿರುವುದು ಇದಕ್ಕೆ ಒಂದು ಕಾರಣ.

ತದ್ರೂಪಿ ಅವಳಿಗಳು ಎಲ್ಲರಿಗೂ ಇರುವುದಿಲ್ಲವಷ್ಟೆ. ಆದುದರಿಂದ ಕಾವಲನ್ನೇ ತಗ್ಗಿಸುವ ಔಷಧಗಳನ್ನು ವೈದ್ಯರು ಅರಸಿದರು. ೧೯೬೦ರ ದಶಕದ ಆರಂಭದಲ್ಲಿ ಅಝಾಥಯೊಪ್ರಿನ್ ಬಳಕೆಗೆ ಬಂದಿತು. ಆದರೆ ಕಾವಲು ತಗ್ಗಿದರೆ ಕಳ್ಳನಿಗೂ ದಾರಿ ತೆರೆದಂತೆಯೇ. ೧೯೬೭ರ ಡಿಸೆಂಬರ್ ೩ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ಮೊತ್ತಮೊದಲು ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಜೋಡಿಸಿದಾಗ ಜಗತ್ತು ಬೆರಗಾಯಿತು. ಹೃದಯವು ಬಡಿಯುತ್ತಲೇ ಇದ್ದಿತು. ರೋಗಿಯು ೧೮ ದಿನಗಳ ಮೇಲೆ ನ್ಯುಮೋನಿಯದಿಂದ ತೀರಿಕೊಂಡನು. ನಿರಾಕರಣೆಯನ್ನು ತಡೆಯಲು ಕೊಟ್ಟ ಚಿಕಿತ್ಸೆಯೇ ಸೋಂಕಿಗೆ ಎಡೆಮಾಡಿಕೊಟ್ಟಿತ್ತು. ಭಾರತದಲ್ಲಿ ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿಯು ಯಶಸ್ವಿಯಾಯಿತು. ನಾರ್ವೆ ದೇಶದ ಮಣ್ಣಿನಲ್ಲಿ ದೊರೆತ ಬೂಷ್ಟೊಂದರಿಂದ ಬಂದ ಸೈಕ್ಲೊಸ್ಪೊರಿನ್ ಎಂಬ ಔಷಧವು ೧೯೮೦ರ ದಶಕದಲ್ಲಿ ಬಳಕೆಗೆ ಬಂದಮೇಲೆ ಕಸಿಗಳ ಯಶಸ್ಸು ಬಹಳ ಹೆಚ್ಚಿತು. ಅದು ಮುಖ್ಯವಾಗಿ ‘ಟಿ’ ಕಣಗಳ ಎಚ್ಚರವನ್ನೇ ತಡೆಯುತ್ತದೆ. ೧೯೯೪ರ ಆಗಸ್ಟ್ ೩ರಂದು ದೆಹಲಿಯಲ್ಲಿ ಡಾ. ಪಿ. ವೇಣುಗೋಪಾಲ್ ಅವರು ಭಾರತದ ಮೊದಲನೆಯ ಯಶಸ್ವಿ ಹೃದಯ ಕಸಿಯನ್ನು ನೆರವೇರಿಸಿದರು. ಆದರೂ ಕಸಿಯನ್ನು ಪಡೆದವನು ಸಾಮಾನ್ಯವಾಗಿ ಜೀವಾವಧಿ ಔಷಧ ಸೇವಿಸಬೇಕು. ಪ್ರಮಾಣವು ಕಡಿಮೆಯಾದರೆ ಕಸಿಗೆ ಅಪಾಯ, ಹೆಚ್ಚಾದರೆ ಸೋಂಕಿನ ಅಪಾಯ. ಇವೆರಡರ ನಡುವಣ ಕಿರಿದಾದ ದಾರಿಯಲ್ಲಿ ರೋಗಿಯನ್ನು ನಡೆಸುವುದೇ ವೈದ್ಯನ ಜಾಣ್ಮೆ.

ಇಷ್ಟೊಂದು ತೊಂದರೆ ಕೊಡುವ ಈ ಗುರುತುಗಳನ್ನು ಪ್ರಕೃತಿಯು ಏಕೆ ನಿರ್ಮಿಸಿತೆಂದು ನೀವು ಕೇಳಬಹುದು. ಶಸ್ತ್ರವೈದ್ಯನನ್ನು ಕಾಡುವುದಕ್ಕೆ ಅವು ಹುಟ್ಟಿಲ್ಲವೆಂಬುದು ಸ್ಪಷ್ಟ. ಮನುಕುಲದಲ್ಲಿ ಎಚ್.ಎಲ್.ಎ. ಗುರುತುಗಳ ಸಾವಿರಾರು ರೂಪಗಳಿವೆ. ಒಬ್ಬನ ಗುರುತುಗಳು ಹಿಡಿದು ತೋರಿಸಲಾರದ ರೋಗಾಣುವನ್ನು ಇನ್ನೊಬ್ಬನವು ತೋರಿಸಬಲ್ಲವು. ಎಲ್ಲರ ಗುರುತುಗಳೂ ಒಂದೇ ಆಗಿದ್ದರೆ, ಅವುಗಳಿಂದ ತಪ್ಪಿಸಿಕೊಳ್ಳಲು ಕಲಿತ ಒಂದೇ ಪಿಡುಗು ಎಲ್ಲರನ್ನೂ ಬಲಿತೆಗೆದುಕೊಳ್ಳುವ ಭಯವಿರುತ್ತಿತ್ತು. ಒಬ್ಬರಂತೆ ಒಬ್ಬರಿಲ್ಲದಿರುವುದೇ ಎಲ್ಲರ ಉಳಿವಿಗೆ ಆಧಾರ. ಕಸಿಯನ್ನು ಕಷ್ಟಗೊಳಿಸುವ ಭೇದವೇ ಸಮುದಾಯವನ್ನು ಕಾಯುತ್ತಿದೆ.

ವಿದ್ಯಾರ್ಥಿಗಳೆ, ವಿಜ್ಞಾನವು ದೇಹದ ನಿರಾಕರಣೆಯನ್ನು ಇಷ್ಟುಮಟ್ಟಿಗೆ ಸೌಮ್ಯಗೊಳಿಸಿದೆ. ಆದರೆ ಕೊಡುವವರಿಲ್ಲದೆ ಅದು ಏನನ್ನೂ ಮಾಡಲಾರದು. ಅಂಗಗಳನ್ನು ಮಾರುವುದನ್ನು ಕೊಳ್ಳುವುದನ್ನು ನಿಷೇಧಿಸಿ, ಮಿದುಳು ಸತ್ತವರ ಅಂಗಗಳನ್ನು ಮನೆಯವರ ಒಪ್ಪಿಗೆಯಿಂದ ದಾನಮಾಡಲು ೧೯೯೪ರ ಕಾಯಿದೆಯು ಅವಕಾಶ ಮಾಡಿಕೊಟ್ಟಿದೆ. ಆ ದುಃಖದ ಗಳಿಗೆಯಲ್ಲಿ ವೈದ್ಯರು ಬಂದು ಕೇಳುವಾಗ, ತೀರಿಹೋದವರ ಇಚ್ಛೆಯೇನಿತ್ತೆಂಬುದು ಮನೆಯವರಿಗೆ ಬಹುಮಟ್ಟಿಗೆ ತಿಳಿದಿರುವುದಿಲ್ಲ. ನೀವು ಈ ಲೇಖನದಲ್ಲಿ ಓದಿದುದನ್ನು ಮನೆಯಲ್ಲಿ ಹಿರಿಯರಿಗೂ ಹೇಳಿರಿ. ನಿಮ್ಮ ರಕ್ತದ ವರ್ಗ ಯಾವುದೆಂದು ಕೇಳಿ ತಿಳಿದುಕೊಳ್ಳಿರಿ. ಕಣ್ಣು ಮತ್ತು ಅಂಗಗಳ ದಾನದ ಮಾತನ್ನು ಅಂಜದೆ ಎತ್ತಿರಿ. ಅನ್ಯವನ್ನು ಗುರುತಿಸಿ ದೂರವಿಡುವುದು ದೇಹದ ಧರ್ಮ. ಅನ್ಯನ ಕಷ್ಟವನ್ನು ತನ್ನದೆಂದು ಎಣಿಸುವುದನ್ನು ಮನಸ್ಸಿಗೆ ಕಲಿಸುವ ಕೆಲಸ ನಮ್ಮದು.